ಹಳದಿ ಎಲೆಗೆ ಓಣಿಯೆಲ್ಲ ವೈದ್ಯರು

ಕುಡತಿನಿಯಲ್ಲಿ ನನಗೆ ಜ್ವರ ಬಂದರೆ ಒಬ್ಬರೂ ಇಣುಕುವುದಿಲ್ಲ. ಕುಂಡದ ಮೆಣಸಿನ ಸಸಿ ಹಳದಿಯಾದದ್ದೇ ತಡ, ಓಣಿಯೇ ಬಂತು.

"ಒಂದ್ ಹಿಡಿ ಯೂರಿಯಾ ಒಗೀರಿ," ಎಂದರು ಎದುರುಮನೆಯವರು. "ಕಣ್ಣು ಬಿದ್ದೈತಿ," ಎಂದಳು ನಮ್ಮತ್ತೆ.

ನಾನು ಕನ್ನಡಕ ಏರಿಸಿದೆ. ಸಾರಜನಕ ಸಾಲದಿದ್ದರೆ ಗಿಡ ಹಳೇ ಎಲೆಯದನ್ನು ಕಿತ್ತು ಚಿಗುರಿಗೆ ಉಣಿಸುತ್ತದೆ. ಹಾಗಾಗಿ ಕೆಳಗಿನೆಲೆ ಮೊದಲು ಹಳದಿ. ಕಬ್ಬಿಣಕ್ಕೆ ಆ ಉದಾರತನವಿಲ್ಲ, ಕೂತಲ್ಲೇ ಕೂರುತ್ತದೆ. ಆಗ ಚಿಗುರೇ ಬಿಳಿಚಿ, ನರವಷ್ಟೇ ಹಸಿರು. ನನ್ನ ಸಸಿಯದು ಥೇಟ್ ಇದೇ. ಪಕ್ಕದಲ್ಲೇ ಸಂಡೂರಿನ ಅದಿರಿನ ಗುಡ್ಡಗಳಿದ್ದೂ ರಕ್ತಹೀನತೆ! ಸುಣ್ಣದಂಶದ ನಮ್ಮ ಎರೆಮಣ್ಣು ಇರುವ ಕಬ್ಬಿಣವನ್ನೂ ಬೇರಿಗೆ ಬಿಡುವುದಿಲ್ಲ.

ಅಷ್ಟರಲ್ಲಿ ಪಕ್ಕದ ತಾತ ಒಲೆಯ ಬೂದಿ ತಂದ. ನವಶಿಲಾಯುಗದವರು ಸಗಣಿ ಸುಟ್ಟು ಬೂದಿದಿಬ್ಬ ಎಬ್ಬಿಸಿದ ಊರಿದು. ಬೂದಿಯೂ ಕ್ಷಾರವೇ, ಕಬ್ಬಿಣಕ್ಕೆ ಇನ್ನೊಂದು ಬೀಗ ಎಂದರೆ ಸಾವಿರಾರು ವರ್ಷದ ಅನುಭವದೆದುರು ನನ್ನ ಮಾತು ನಿಂತೀತೇ? ತಾತ ಮರೆಯಾದ ಮೇಲೆ ಬೂದಿ ಪಾತ್ರೆ ತಿಕ್ಕಲು ಹೋಯಿತು.

ಕೊನೆಗೆ ಮಣ್ಣಿಗೆ ಬೆರಳಿಳಿಸಿದೆ. ಪಚಪಚ ಕೆಸರು! ಬೆಳಿಗ್ಗೆ ನಾನು, ಮಧ್ಯಾಹ್ನ ಅತ್ತೆ, ಸಂಜೆ ಮಗ, ಒಬ್ಬರಿಗೊಬ್ಬರು ಹೇಳದೆ ನೀರು ಹೊಯ್ಯುತ್ತಿದ್ದೆವು. ಉಸಿರುಗಟ್ಟಿದ ಬೇರು ಕಬ್ಬಿಣ ಹೀರುವುದೆಲ್ಲಿಂದ?

ನಾಲ್ಕು ದಿನ ತಂಬಿಗೆ ಬಚ್ಚಿಟ್ಟೆ. ವಾರೊಪ್ಪತ್ತಿನಲ್ಲಿ ಬಂದ ಚಿಗುರು ಹಸಿರು. ನಾನು ಹಾಕದ ಯೂರಿಯಾದ ಮಹಿಮೆಯನ್ನು ಎದುರುಮನೆಯವರು ಇವತ್ತಿಗೂ ಓಣಿ ತುಂಬ ಹೇಳುತ್ತಿದ್ದಾರೆ.