ಗುಂಡಿ ಅವರದು, ಬಾಣಲೆ ನಮ್ಮದು

ಚಳ್ಳಕೆರೆ ಕಡೆ ‘ಟ್ರೆಂಚು’ ಅಂದರೆ ಯಾರೂ ಬೆದರುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಹೊಲದ ಬದುವಿಗೆ ತೋಡುವ ಟ್ರೆಂಚ್ ಕಂ ಬಂಡ್ ಅದು. ಬಾಯಿಮಾತಿನಲ್ಲಿ ಟಿಸಿಬಿ. ಅಪ್ಪಿತಪ್ಪಿ ನಾಲ್ಕು ಹನಿ ಮಳೆ ಬಿದ್ದರೆ ನೀರು ಅಲ್ಲೇ ಇಂಗಲಿ ಅಂತ. ಕೂಲಿಕಾರರ ಮೇಸ್ತ್ರಿಯಾದ ಕಾಯಕ ಬಂಧು ಮೊಬೈಲಿನಲ್ಲಿ ಫೋಟೊ ಹೊಡೆಯಬೇಕು, ಎಂಜಿನಿಯರು ಟೇಪು ಹಿಡಿಯಬೇಕು. ಅಳತೆ ಕಮ್ಮಿ ಬಂದರೆ ಕೂಲಿಗೂ ಕತ್ತರಿ. 2022ರಲ್ಲಿ ಆ ಕೂಲಿ ದಿನಕ್ಕೆ 309 ರೂಪಾಯಿ.

1914ರಲ್ಲಿ, ಮೊದಲ ಮಹಾಯುದ್ಧಕ್ಕೆಂದು, ಯುರೋಪಿನ ದೊರೆಗಳೂ ಇದೇ ಕಾಮಗಾರಿಗೆ ಇಳಿದರು. ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಗುಂಡಿ. ಗ್ರಾಮಸಭೆ ಇಲ್ಲ, ಕ್ರಿಯಾಯೋಜನೆ ಇಲ್ಲ. ಕ್ರಿಸ್‌ಮಸ್ಸಿಗೆ ಮುಗಿಯುತ್ತದೆ ಎಂದಿದ್ದ ಕೆಲಸ ನಾಲ್ಕು ವರ್ಷ ಎಳೆಯಿತು. ಇದೊಂದು ವಿಷಯದಲ್ಲಿ ಮಾತ್ರ ನಮ್ಮ ಕಾಮಗಾರಿಗೂ ಅದಕ್ಕೂ ಭೇದವಿಲ್ಲ. 1916ರ ಜುಲೈ 1ರಂದು ಸೋಮ್ ನದಿಯ ಬಳಿ ಬ್ರಿಟಿಷರ ಕಡೆಯವರೇ ಒಂದೇ ದಿನ 19,000ಕ್ಕೂ ಹೆಚ್ಚು ಜನ ಸತ್ತರು. ನಾಲ್ಕೂವರೆ ತಿಂಗಳು ಬಡಿದಾಡಿ ಮುಂದೆ ಸರಿದದ್ದು ಹತ್ತು ಕಿಲೋಮೀಟರ್ ಆಸುಪಾಸು. ಚಳ್ಳಕೆರೆ ಬಿಟ್ಟ ಕೆಂಪು ಬಸ್ಸು, ಕಂಡಕ್ಟರು ಎಲ್ಲರ ಟಿಕೆಟ್ ಹರಿದು ಮುಗಿಸುವುದರೊಳಗೆ ದಾಟುವಷ್ಟು ದೂರ. ಅಷ್ಟಕ್ಕೆ ಎಂಬಿ, ಅಂದರೆ ಅಳತೆ ಪುಸ್ತಕ, ಬರೆದವರು ಯಾರೋ, ಬಿಲ್ ಪಾಸು ಮಾಡಿದವರು ಯಾರೋ!

ಬಿಲ್ಲಿನಲ್ಲಿ ನಮ್ಮ ಪಾಲೂ ಇತ್ತು. ಮೈಸೂರು ಸಂಸ್ಥಾನ ಯುದ್ಧ ಶುರುವಾಗುತ್ತಲೇ 50 ಲಕ್ಷ ರೂಪಾಯಿ ಕೊಟ್ಟಿತು, ಕುದುರೆ ಸವಾರರನ್ನೂ ಕಳಿಸಿತು. ಅವರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದುಕೊಟ್ಟರು. ಗೆದ್ದ ಊರು ಬ್ರಿಟಿಷರಿಗೆ ಹೋಯಿತು. ನಮಗೆ ಸಿಕ್ಕಿದ್ದು ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ. ಬೋನಸ್ಸಾಗಿ ಅದೇ ವರ್ಷ ಹಡಗು ಇಳಿದು ರೈಲು ಹತ್ತಿ ಬಂದ ಇನ್‌ಫ್ಲುಯೆಂಜಾ, ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು.

ಒಂದು ಲಾಭವಾಯಿತು, ಅದನ್ನು ಮುಚ್ಚಿಡಬಾರದು. ಅಲ್ಲಿಯವರೆಗೆ ನಮ್ಮ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಕೊಳ್ಳುವವರಿಲ್ಲದೆ ಕೊರಡು ರಾಶಿ ಬಿದ್ದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಸರ್ಕಾರ ಎಣ್ಣೆಯನ್ನು ನಾವೇ ತೆಗೆಯೋಣ ಎಂದಿತು. 1916ರಲ್ಲಿ ಬೆಂಗಳೂರು, ಮರುವರ್ಷ ಮೈಸೂರು, ಹಿಂದೆಯೇ ಸೋಪು. ಅಂದರೆ ಯುರೋಪು ಗುಂಡಿ ತೋಡಿದಾಗ ನಮಗೆ ಸ್ವಂತ ಎಣ್ಣೆಯ ನೆನಪಾಯಿತು.

ನೂರು ವರ್ಷ ಕಳೆದು 2022ರ ಫೆಬ್ರುವರಿಯಲ್ಲಿ ಯುರೋಪು ಮತ್ತೆ ಗುದ್ದಲಿ ಹಿಡಿಯಿತು. ಟಿವಿಯವರು ಮೂರೇ ದಿನದಲ್ಲಿ ಮೂರನೇ ಮಹಾಯುದ್ಧ ಆರಂಭಿಸಿ ಮುಗಿಸಿಯೂ ಬಿಟ್ಟರು. ಅತ್ತ ಉಕ್ರೇನಿನ ಬಖ್ಮುತ್‌ನಲ್ಲಿ ಮಾತ್ರ ಅದೇ ಕೆಸರು, ಅದೇ ಗುಂಡಿ. ತಲೆಯ ಮೇಲೆ ಡ್ರೋನು ಸುತ್ತುತ್ತಿತ್ತು ಅನ್ನುವುದೊಂದು ಸುಧಾರಣೆ.

ಇತ್ತ ಚಳ್ಳಕೆರೆ ಪೇಟೆಯ ಕಿರಾಣಿ ಅಂಗಡಿ. ಎಣ್ಣೆ ಪ್ಯಾಕೆಟ್ಟು ಹಿಡಿದ ಹೆಂಗಸು ಅದರ ಮೇಲಿನ ದರವನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದಳು, ಅಳಿಸಿದರೆ ಹಳೇ ದರ ಕಾಣಬಹುದೇನೋ ಎಂಬಂತೆ. ಲೀಟರಿಗೆ ಇನ್ನೂರರ ಹತ್ತಿರ. ‘ಉಕ್ರೇನ್ ಗಲಾಟೆ ಕಣಕ್ಕ, ನಾವೇನ್ ಮಾಡಾಣ’ ಅಂದ ಅಂಗಡಿಯವ. ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಉಕ್ರೇನಿನದೇ.

ಈ ಮಾತು ನಡೆದದ್ದು ಯಾವ ಊರಲ್ಲಿ ನೋಡಿ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು. (ಎಣ್ಣೆ ಅಂದರೆ ತಪ್ಪು ತಿಳಿಯಬೇಡಿ, ಶೇಂಗಾ ಎಣ್ಣೆ.) ಸಾಲು ಸಾಲು ಮಿಲ್ಲುಗಳಿಂದಾಗಿ ಎರಡನೇ ಮುಂಬೈ ಅನ್ನುತ್ತಿದ್ದರು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಮೇಲಿಂದ ಮೇಲೆ ಮಳೆ ಕೈಕೊಟ್ಟಿತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಂಧದೆಣ್ಣೆಗೆ ಆಗಿದ್ದ ಜ್ಞಾನೋದಯ ಒಗ್ಗರಣೆಯ ಎಣ್ಣೆಗೆ ಆಗಲೇ ಇಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆ ಹುಟ್ಟಿದ್ದು ಇಲ್ಲೇ ಇರಬೇಕು.

ಪಕ್ಕದ ಮೊಳಕಾಲ್ಮೂರಿಗೆ ಹೋದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಯುದ್ಧ ಮಾಡಿ ಪಶ್ಚಾತ್ತಾಪ ಪಟ್ಟ ದೊರೆ, ಪರವಾಗಿಲ್ಲ ಅಂತ ಬಂಡೆಯ ಹತ್ತಿರ ಹೋದರೆ ಅಲ್ಲಿರುವುದು ತಂದೆತಾಯಿಯ ಸೇವೆ ಮಾಡು, ಪ್ರಾಣಿಗಳಲ್ಲಿ ದಯೆ ಇಡು, ಸತ್ಯ ನುಡಿ. ಕಳಿಂಗದ ಕಣ್ಣೀರನ್ನು ಅವನು ಕೆತ್ತಿಸಿದ್ದು ಗುತ್ತಿ ಕಡೆಯ ಎರ್ರಗುಡಿಯಂಥ ಜಾಗಗಳಲ್ಲಿ. ಯುದ್ಧ ಮಾಡಿದವರ ಅಳು ಬೇರೆ ಊರಿಗೆ, ಬುದ್ಧಿವಾದ ಮಾತ್ರ ನಮಗೆ. ಆ ಪದ್ಧತಿ ಅವತ್ತೇ ಶುರುವಾಗಿತ್ತು.

ಎಣ್ಣೆಯ ಬೆಲೆ ಆಮೇಲೆ ಇಳಿಯಿತು. ಇಳಿದದ್ದೇ ತಡ, 2022-23ರಲ್ಲಿ ದೇಶ ಹಿಂದೆಂದೂ ಇಲ್ಲದಷ್ಟು, ಸುಮಾರು 30 ಲಕ್ಷ ಟನ್ ಸೂರ್ಯಕಾಂತಿ ಎಣ್ಣೆ ತರಿಸಿಕೊಂಡಿತು. ಮೊನ್ನೆ ಅದೇ ಅಂಗಡಿಗೆ ರೈತರೊಬ್ಬರು ಬಂದರು. ಶೇಂಗಾ ಮೂಟೆ ಮಾರಿ ಬಂದವರು, ಅಂಗಿಯ ತೋಳಿಗೆ ಸಿಪ್ಪೆಯ ದೂಳು ಹಾಗೇ ಇತ್ತು.

‘ಎರಡು ಪ್ಯಾಕೆಟ್ ಸೂರ್ಯಕಾಂತಿ ಕೊಡಪ್ಪ.’

‘ಶೇಂಗಾ ಎಣ್ಣೆನೂ ಐತೆ ಯಜಮಾನ್ರೆ.’

‘ಅದು ಬ್ಯಾಡ, ರೇಟು ಜಾಸ್ತಿ. ಗಲಾಟೆ ಇಲ್ಲದ ದೇಶದ್ದು ಯಾವುದೈತೆ, ಅದನ್ನ ಕೊಡು.’