ಹತ್ತು ಅಂಕದ ಮಹಾಶಯರಿಗೆ

ಸಾರ್ವಜನಿಕ ನೀತಿಯ ಸಂಶೋಧಕ ಮಹಾಶಯರಿಗೆ ಬೀರೂರಿನಿಂದ ನಮಸ್ಕಾರ.

ನಾವೆಲ್ಲ ಕ್ಷೇಮ. ತಮ್ಮ ಪ್ರಬಂಧಗಳ ಕ್ಷೇಮ ಸಮಾಚಾರ ಮಾತ್ರ ನಮಗೆ ತಿಳಿಯುತ್ತಿಲ್ಲ, ಎಲ್ಲವೂ ಇಂಗ್ಲಿಷಿನಲ್ಲಿವೆ.

ತಮ್ಮ ಕಡೆಯ ಹುಡುಗನೊಬ್ಬ ನಮ್ಮ ಬೀದಿಗೆ ಬಂದಿದ್ದ. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ಪಕ್ಕದ ಮನೆಯ ಅಜ್ಜನನ್ನು ಕೇಳಿದ: ‘ಸರ್ಕಾರದ ಸೇವೆ ಬಗ್ಗೆ ನಿಮಗೆ ಎಷ್ಟು ತೃಪ್ತಿ? ಒಂದರಿಂದ ಐದರೊಳಗೆ ಹೇಳಿ.’

‘ಬೋರು ಬತ್ತಿ ತೆಂಗಿನ ಸುಳಿ ಒಣಗ್ತಾ ಐತೆ ಕಣಪ್ಪ.’

‘ಅದನ್ನ ಬರಿಯೋಕೆ ಇಲ್ಲಿ ಜಾಗ ಇಲ್ಲ ಅಜ್ಜ. ಒಂದರಿಂದ ಐದು.’

‘ಹಂಗಾರೆ ನಿಂಗೆ ಯಾವ್ದು ಅನುಕೂಲವೋ ಅದನ್ನೇ ಬರ್ಕೊ.’

ಹುಡುಗ ಮೂರು ಅಂತ ಒತ್ತಿದ. ತಮ್ಮ ಲೆಕ್ಕದಲ್ಲಿ ಅಜ್ಜ ಈಗ ತಟಸ್ಥ.

ಹುಡುಗನದು ತಪ್ಪಲ್ಲ, ತಮ್ಮದೂ ಅಷ್ಟಾಗಿ ಅಲ್ಲ. ಅಧ್ಯಾಪಕರ ಬಡ್ತಿಗೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ನಿಯಮಾವಳಿಯಲ್ಲಿ ಕೊಟ್ಟ ಅಂಕಪಟ್ಟಿ ನೋಡಿದೆ. ಸಮಾಜವಿಜ್ಞಾನದ ಅಧ್ಯಾಪಕರು ಮಾನ್ಯ ಪತ್ರಿಕೆಯಲ್ಲಿ ಪ್ರಬಂಧ ಬರೆದರೆ 10 ಅಂಕ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಜೋರಾಗಿದ್ದರೆ ಇನ್ನೂ ಏರಬಹುದು. ಅದೇ ವಿಷಯದ ಬಗ್ಗೆ ರಾಜ್ಯ ಸರ್ಕಾರಕ್ಕೆ ನೀತಿ ದಾಖಲೆ ಬರೆದುಕೊಟ್ಟರೆ 4. ಪ್ರಬಂಧವೊಂದನ್ನು ಕನ್ನಡಕ್ಕೆ ತಂದರೆ 3. ಬೀರೂರು ಪುರಸಭೆಗೆ ಬಂದು ಹೇಳಿಹೋದರೆ ಎಷ್ಟು ಎಂದು ಹುಡುಕಿದೆ, ಅಂಥ ಸಾಲೇ ಇಲ್ಲ.

ಇನ್ನೊಂದು ಸಾಲಂತೂ ನಮ್ಮ ಮಂಡಿಯವರನ್ನು ಬೆರಗುಗೊಳಿಸಿದೆ. ಇಬ್ಬರು ಸೇರಿ ಬರೆದರೆ ತಲಾ ಶೇ 70. ಅಂದರೆ ಹತ್ತನ್ನು ಇಬ್ಬರಿಗೆ ಹಂಚಿದರೆ ಹದಿನಾಲ್ಕು! ಕ್ವಿಂಟಾಲ್ ಕೊಬ್ಬರಿಯನ್ನು ಎಷ್ಟೇ ಜಾಣರು ಹಂಚಿಕೊಂಡರೂ ಇಲ್ಲಿ ತಲಾ 50 ಕೆಜಿ ದಾಟಿದ್ದಿಲ್ಲ.

ಇಷ್ಟು ಲಾಭದ ಬೆಳೆಯಾದರೆ ಕಳೆಯೂ ಹುಲುಸಾಗಿ ಬರುತ್ತದೆ. 2018ರ ಮೇ ತಿಂಗಳಲ್ಲಿ ಯುಜಿಸಿ ಮಾನ್ಯ ಪತ್ರಿಕೆಗಳ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದೂ ಹೋಯಿತು. ಯಾವ ಪತ್ರಿಕೆ ಒಳ್ಳೆಯದೆಂದು ಈಗ ಆಯಾ ಸಂಸ್ಥೆಗಳೇ ನೋಡಿಕೊಳ್ಳಬೇಕಂತೆ. ನೋಡಿಕೊಳ್ಳುತ್ತವೆ, ಬಿಡಿ.

ಈ ಅಂಕಗಳ ಲೆಕ್ಕ ನೋಡುವಾಗ ಡಿ.ಎಂ. ನಂಜುಂಡಪ್ಪನವರು ನೆನಪಾಗುತ್ತಾರೆ. ಅವರೂ ಅರ್ಥಶಾಸ್ತ್ರದ ಮೇಷ್ಟ್ರೇ. ಪ್ರಾದೇಶಿಕ ಅಸಮತೋಲನ ಕುರಿತ ಅವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದು ಹೆಸರು ಹಿಡಿದು ಹೇಳಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಲೆಕ್ಕವನ್ನೂ ಮುಂದಿಟ್ಟಿತು. ಆ ವರದಿಯ ಹೆಸರು ಮಾತ್ರ ಇವತ್ತಿಗೂ ವಿಧಾನಸಭೆಯಲ್ಲಿ ಕೇಳಿಬರುತ್ತದೆ, ಊರಿನ ಸಭೆಗಳಲ್ಲೂ. ತಮ್ಮ ಅಂಕಪಟ್ಟಿಯ ಪ್ರಕಾರ ಅದಕ್ಕೆ 4 ಅಂಕ. ಪಾಪ, ಬಡ್ತಿಗೆ ಸಾಲುತ್ತಿರಲಿಲ್ಲ.

ಬೆಂಗಳೂರಿನ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಿದೆ, ಬೇಕಾದಷ್ಟು ವಿಶ್ವವಿದ್ಯಾಲಯಗಳಿವೆ, ಜೀವ ತೇಯ್ದು ಕೆಲಸ ಮಾಡುವವರೂ ಇದ್ದಾರೆ. ಅವರು ಈ ಕಾಗದವನ್ನು ತಮಗೆ ಬರೆದದ್ದೆಂದು ತಿಳಿಯಬಾರದು. ಉಳಿದವರು ತಿಳಿಯಬಹುದು.

ಒಂದೇ ಬಿನ್ನಹ. ಮುಂದಿನ ಸಮೀಕ್ಷೆಗೆ ಬೀರೂರು ಜಂಕ್ಷನ್ನಿನಲ್ಲಿ ಇಳಿಯುವಾಗ, ಹಿಂದಿನದರಲ್ಲಿ ಏನು ಕಂಡಿರಿ ಎಂಬುದನ್ನು ಎರಡು ಪುಟ ಕನ್ನಡದಲ್ಲಿ ಬರೆದು ತನ್ನಿ. ಪುರಸಭೆಯ ನೋಟಿಸ್ ಬೋರ್ಡಿಗೆ ಅಂಟಿಸೋಣ. ಅಂಟಿನ ಖರ್ಚು ನಮ್ಮದು.

ಇಂತಿ,
ಬೀರೂರಿನ ಒಬ್ಬ ರೆಸ್ಪಾಂಡೆಂಟ್