ಕುರುಡು ಚಿತ್ತಿ ವಾರದ ವೃಷ್ಟಿಮೀಮಾಂಸೆ

ಅಥಾತೋ ವೃಷ್ಟಿಜಿಜ್ಞಾಸಾ. ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಬೇಕಷ್ಟೆ. ವಿಷಯ: ಅಕ್ಟೋಬರ್ ಎರಡನೆಯ ವಾರ, ಹಸ್ತ ಹೋಗಿ ಚಿತ್ತಿ ಕೂಡುವ ಸಂಧಿಕಾಲ. ಅಧಿಕಾರಿ: ಕೂರಿಗೆ ಸಜ್ಜು ಮಾಡಿಟ್ಟು ಮುಗಿಲು ನೋಡುತ್ತ ಕಟ್ಟೆಗೆ ಕೂತವನು. ಪ್ರಯೋಜನ: ತಾಡಪತ್ರಿ ತರಬೇಕೋ ಬೇಡವೋ ಎಂಬ ನಿಶ್ಚಯ. ಸಂಬಂಧ: ಹವಾಮಾನ ವರದಿಗೂ ಹವೆಗೂ ಸಂಬಂಧವುಂಟೆಂದು ಸಾಧಿಸುವುದೇ ಗ್ರಂಥದ ಗುರಿಯಾದ್ದರಿಂದ ಅದನ್ನು ಆರಂಭದಲ್ಲೇ ಹೇಳಲಾಗದು.

1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಪಾಲು ಮಾಡಿದೆ. ನಮ್ಮ ಪಾಲಿಗೆ ಬಂದದ್ದು ಉತ್ತರ ಒಳನಾಡು. ಜಿಲ್ಲಾವಾರು ವಿವರವೂ ಉಂಟು. ಆದರೆ ಕಿವಿಗೆ ಬೀಳುವುದು ಬೀದರಿನಿಂದ ಮುಂಡರಗಿಯವರೆಗೆ ಎಲ್ಲರಿಗೂ ಸಲ್ಲುವ ಒಂದೇ ಸೂತ್ರ: ‘ಒಂದೆರಡು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ.’ ಉಳಿದದ್ದೆಲ್ಲ ಭಾಷ್ಯ.

ಇಲಾಖೆಯ ಲೆಕ್ಕದಲ್ಲಿ ‘ಒಂದೆರಡು ಕಡೆ’ ಎಂದರೆ ಮಾಪನ ಕೇಂದ್ರಗಳ ಪೈಕಿ ಶೇ. 25ರೊಳಗೆ. ‘ಕೆಲವು ಕಡೆ’ ಎಂದರೆ ಶೇ. 26ರಿಂದ 50. ಈಗ ನಮ್ಮ ಊರುಗಳನ್ನು ಎಣಿಸೋಣ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ನಾಲ್ಕು. ನಾಲ್ಕರ ಶೇ. 25 ಒಂದು. ಎರಡನೆಯ ಊರಲ್ಲಿ ಹನಿ ಬಿದ್ದರೆ ಅದು ‘ಕೆಲವು ಕಡೆ’ ಆಗಿ ಮುನ್ಸೂಚನೆಯ ಮೇರೆ ಮೀರುತ್ತದೆ. ಆದಕಾರಣ ನಮ್ಮ ಸೀಮೆಯಲ್ಲಿ ‘ಒಂದೆರಡ’ರೊಳಗಿನ ಎರಡು ನಿಯಮಬಾಹಿರ. ಇಲ್ಲಿ ಪೂರ್ವಪಕ್ಷದವರು ಗದಗ ಬೇರೆ, ಬೆಟಗೇರಿ ಬೇರೆ ಎಂದು ಏಳುತ್ತಾರೆ. ಐದರಲ್ಲಿ ಒಂದು ಶೇ. 20, ಎರಡು ಶೇ. 40, ಆಗಲೂ ಎರಡಕ್ಕೆ ಜಾಗವಿಲ್ಲ. ನಗರಸಭೆ ಒಂದೇ ಎಂಬುದು ನಿಜ. ಮೋಡಕ್ಕೆ ಆ ಆದೇಶದ ಪ್ರತಿ ತಲುಪಿದಂತಿಲ್ಲ.

ಆ ಒಂದು ಊರು ಯಾವುದು? ಇದಕ್ಕೆ ಹಿರಿಯರು ಶೇಕಡಾವಾರಿನ ಗೊಡವೆಯಿಲ್ಲದೆ ಉತ್ತರ ಕೊಟ್ಟಿದ್ದಾರೆ: ಕುರುಡು ಚಿತ್ತಿ ಎರಚಿದತ್ತ ಬೆಳೆ. ಶಿರಹಟ್ಟಿಯವನ ಅನುಭವ ಪ್ರಮಾಣದಂತೆ ಅದು ಮುಂಡರಗಿ, ಮುಂಡರಗಿಯವನಿಗೆ ಲಕ್ಷ್ಮೇಶ್ವರ. ಪುಲಿಗೆರೆಯ ತಿರುಳ್ಗನ್ನಡಕ್ಕೆ ಪಂಪನಿಂದಲೇ ಹೆಸರು ಗಳಿಸಿದ ಲಕ್ಷ್ಮೇಶ್ವರದವರಾದರೋ ಕೈಯನ್ನಷ್ಟೇ ಗದಗಿನ ಕಡೆ ತೋರಿಸುತ್ತಾರೆ.

ಮಳೆ ಬೇಕೋ ಬೇಡವೋ ಎಂಬುದು ಇನ್ನೂ ಜಟಿಲ. ಎರಿ ಹೊಲಕ್ಕೆ ಕಡಲೆ, ಬಿಳಿಜೋಳ ಬಿತ್ತಲು ಹಸಿ ಬೇಕು. ಅದೇ ವಾರ ಮಸಾರಿಯಲ್ಲಿ ಕಿತ್ತು ಹರವಿದ ಉಳ್ಳಾಗಡ್ಡಿ ಬಿಸಿಲು ಕೇಳುತ್ತದೆ. ನೆನೆದರೆ ಕೊಳೆತು ನಾರುತ್ತದೆ. ಎರಡೂ ಹೊಲ ಒಬ್ಬನವೇ ಆಗಿದ್ದರೆ ಅಭಿಪ್ರಾಯವು ನಿಂತ ಜಾಗವನ್ನು ಅವಲಂಬಿಸುತ್ತದೆ. ಎರಿಯಲ್ಲಿ ನಿಂತು “ಒಂದ್ ಹದಾ ಮಳಿ ಆಗ್ಲಿ ಶಿವನಽ” ಎಂದವನು ಮಸಾರಿಯ ಬದುವಿಗೆ ಬಂದೊಡನೆ “ಇನ್ನ ನಾಕ ದಿನ ಬ್ಯಾಡೋ ಯಪ್ಪಾ” ಎನ್ನುತ್ತಾನೆ. ದೇವರಿಗೆ ಎರಡೂ ಅರ್ಜಿ ಒಂದೇ ಸಹಿಯಲ್ಲಿ ತಲುಪುತ್ತವೆ. ಇಲಾಖೆ ‘ಸಾಧ್ಯತೆ’ ಎಂದು ನಿಲ್ಲಿಸಿದ್ದರಲ್ಲಿ ಎಷ್ಟು ಅಂತಃಕರಣವಿದೆ ಎಂಬುದು ಆಗ ಅರ್ಥವಾಗುತ್ತದೆ.

ಮಾಪನದಲ್ಲೂ ಮತಭೇದವಿದೆ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನ ಇಲಾಖೆಗೆ ‘ಮಳೆ ದಿನ’ವೇ ಅಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಲ್ಲಿ ಇದು ನಡೆದೀತು. 600ರ ಆಸುಪಾಸಿನ ನಮ್ಮಲ್ಲಿ 2 ಮಿ.ಮೀ. ಬಿದ್ದರೂ ಮನೆಮಂದಿಯೆಲ್ಲ ಉಳ್ಳಾಗಡ್ಡಿ ರಾಶಿಗೆ ಓಡುತ್ತಾರೆ. ರೈತನ ಮಾಪಕ ಬೇರೆ: ಹೊಲದ ಮಣ್ಣು ಕೆದರಿ, ಕೈಯಿಟ್ಟು, “ಗೇಣು ಹಸಿ ಆಗೇತಿ” ಎಂಬ ತೀರ್ಪು. ಇದಕ್ಕೆ ಬ್ಯಾಟರಿ ಬೇಡ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು ಎಂಬ ಗಾದೆಯನ್ನೂ ಹವಾಮಾನಶಾಸ್ತ್ರವಾಗಿ ಓದಬೇಕು. ಗುಡ್ಡದ ಮೇಲಿನ ವಿದ್ಯುತ್ ಪಂಖಾಗಳು ಗಾಳಿ ಬಂದತ್ತ ಮುಖ ಮಾಡುತ್ತವೆ. ಮುಂಗಾರಿನುದ್ದಕ್ಕೂ ಪಶ್ಚಿಮ ನೋಡಿದವು ಪೂರ್ವಕ್ಕೆ ಹೊರಳಿದರೆ ನೈಋತ್ಯ ಮಾರುತ ಕಾಲ್ತೆಗೆಯಿತು, ಇನ್ನು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ದಯೆ ಎಂದರ್ಥ. ಗುಡ್ಡದ ಪೂರ್ವಕ್ಕಿರುವ ಮುಂಡರಗಿಯವರು ಆಗ ತುಸು ಎದೆ ಸೆಟೆಸಿ ನಡೆಯುವುದುಂಟು. ಬೆಟಗೇರಿಯ ನೇಕಾರರಿಗೆ ಮಾತ್ರ ‘ಹಳದಿ’ ಎಚ್ಚರಿಕೆ ಅಪೂರ್ಣ ಮಾಹಿತಿ: ಒಡಲು ಹಳದಿ ಸರಿ, ದಡಿ ಯಾವ ಬಣ್ಣ? ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಅಭಿಪ್ರಾಯವನ್ನೂ ಸೇರಿಸಬೇಕಿತ್ತು. ಅವು ಚಳಿಗಾಲದ ಅತಿಥಿಗಳು, ಈ ವಾರ ಸಿಗುವುದಿಲ್ಲ.

ಸಿದ್ಧಾಂತ: ಮುಂದಿನ ಏಳು ದಿನ ನಾಲ್ಕೂ ಊರುಗಳಲ್ಲಿ ಮಳೆ ಬರಬಹುದು, ಬಾರದಿರಬಹುದು; ಬಂದರೆ ಪಕ್ಕದ ಊರಲ್ಲಿ. ಉಳ್ಳಾಗಡ್ಡಿ ಇನ್ನೂ ಹೊಲದಲ್ಲಿರುವವರು ಗ್ರಂಥ ಮಡಚಿಟ್ಟು, ಪ್ಯಾಟಿ ಮುಚ್ಚುವುದರೊಳಗೆ ತಾಡಪತ್ರಿ ತರಬೇಕಾಗಿ ವಿನಂತಿ.